ಕರಡಿ ತಿಂದ ಮೆಕ್ಕೆಜೋಳ, ಪರಿಹಾರಕ್ಕೆ ಹತ್ತು ತಿಂಗಳು

ಮೊನ್ನೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. 12,480 ರೂಪಾಯಿ ಬಂದಿದೆ. ಕರಡಿ ನಮ್ಮ ಹೊಲಕ್ಕೆ ನುಗ್ಗಿದ್ದು ಹೋದ ಸೆಪ್ಟೆಂಬರ್‌ನಲ್ಲಿ, ದುಡ್ಡು ಕಣ್ಣಿಗೆ ಬಿದ್ದಿದ್ದು ಈ ಜುಲೈನಲ್ಲಿ. ನಡುವಿನ ಹತ್ತು ತಿಂಗಳಲ್ಲಿ ನಾನು ಮಾಡಿದ ತಪ್ಪುಗಳನ್ನು ಬೇರೆ ಯಾರೂ ಮಾಡೋದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ನಮ್ಮದು ಕೊಪ್ಪಳ ಜಿಲ್ಲೆಯಲ್ಲಿ ಗುಡ್ಡದ ಬುಡಕ್ಕಿರುವ ಊರು. ಮೂರು ಎಕರೆ ಮಸಾರಿ ಹೊಲ, ಒಂದು ಬೋರು. ಹೊಲದ ಬದು ದಾಟಿದರೆ ಬಂಡೆಗಳ ಗುಡ್ಡ. ಆ ಬಂಡೆಗಳ ಸಂದಿನಲ್ಲಿ ಕರಡಿ ಇರೋದು ನಮಗೆ ಹೊಸದಲ್ಲ. ಹೊಳೆ ಆಚೆ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವನ್ನೇ ಮಾಡಿದ್ದಾರೆ. ಈ ಕಡೆ ಆನೆಗೊಂದಿ, ಅಂಜನಾದ್ರಿ ಎಲ್ಲ ಕಿಷ್ಕಿಂಧೆ ಸೀಮೆ ಅಲ್ವಾ, ನಮ್ಮಜ್ಜ ಕರಡಿಗೆ ಕರಡಿ ಅನ್ನುತ್ತಲೇ ಇರಲಿಲ್ಲ, 'ಜಾಂಬವಂತಪ್ಪ' ಅನ್ನುತ್ತಿದ್ದ. ಆಗ ಅದು ಗುಡ್ಡದಲ್ಲೇ ಇರುತ್ತಿತ್ತು. ಕವಳಿಹಣ್ಣು, ಬಾರೆಹಣ್ಣು, ಗೆದ್ದಲು, ಜೇನು ತಿಂದುಕೊಂಡು. ಈಗ ಶೇಂಗಾ, ಮೆಕ್ಕೆಜೋಳ, ಕಲ್ಲಂಗಡಿ ಯಾವುದನ್ನೂ ಬಿಡೋದಿಲ್ಲ. ತಪ್ಪು ಅದರದ್ದು ಅಂತ ನಾನಂತೂ ಹೇಳೋದಿಲ್ಲ, ಗುಡ್ಡದ ಮೈಮೇಲಿನ ಅರ್ಧ ಗಿಡ ನಾವೇ ಒಲೆಗೆ ಹಾಕಿದ್ದೇವೆ.

ಆ ವರ್ಷ ಮೆಕ್ಕೆಜೋಳ ಹಾಕಿದ್ದೆ. ತೆನೆಯಲ್ಲಿ ಹಾಲು ತುಂಬಿತ್ತು, ಇನ್ನೊಂದು ತಿಂಗಳಿಗೆ ಕಟಾವು. ಹದಿನೈದು ದಿನದಿಂದ ಮಂಚಿಕೆ (ಹೊಲ ಕಾಯೋಕೆ ಗೂಟದ ಮೇಲೆ ಕಟ್ಟಿದ ಅಟ್ಟಣಿಗೆ) ಮೇಲೆ ಮಲಗಿ ಕಾಯುತ್ತಿದ್ದೆ. ಅವತ್ತೊಂದು ರಾತ್ರಿ ಮಳೆ ಬಂತು ಅಂತ ಮನೆಗೆ ಬಂದು ಮಲಗಿದೆ, ಅಷ್ಟೇ. ಬೆಳಗ್ಗೆ ಹೋಗಿ ನೋಡಿದರೆ ಗುಡ್ಡದ ಕಡೆಯ ಸಾಲುಗಳು ಚಾಪೆ ಹಾಸಿದ ಹಾಗೆ ಮಲಗಿದ್ದವು. ಹೊಟ್ಟೆ ಉರಿಯಿತು. ಅವ್ವ ಏನೂ ಮಾತಾಡಲಿಲ್ಲ, ಕುಡುಗೋಲು ತಗೊಂಡು ಬಿದ್ದ ದಂಟನ್ನೆಲ್ಲ ಕೊಯ್ದು ಹೊರೆ ಕಟ್ಟಿದಳು. ಹೋದ ಬೆಳೆ ಹೋಯಿತು, ಎಮ್ಮೆಗಾದರೂ ಆಗಲಿ ಅಂತ. ನಾನೂ ಕೈ ಜೋಡಿಸಿದೆ.

ಮೊದಲ ತಪ್ಪು ಇದೇ. ಆಮೇಲೆ ಫಾರೆಸ್ಟ್ ಗಾರ್ಡ್‌ಗೆ ಫೋನ್ ಮಾಡಿದೆ, ಮರುದಿನ ಮಧ್ಯಾಹ್ನ ಬಂದರು. ಬಂದವರು ಬೋಳು ನೆಲ ನೋಡಿ, "ಎಲ್ಲೈತ್ರೀ ಹಾನಿ?" ಅಂದರು. ನಾನು ಕೊಟ್ಟಿಗೆ ಕಡೆ ಕೈ ತೋರಿಸಿದೆ. ಅವರು ನಕ್ಕರು, ಆದರೆ ಬರೆದುಕೊಳ್ಳಲಿಲ್ಲ. ಅವರದ್ದೂ ನ್ಯಾಯವೇ. ಕೊಯ್ದ ಹೊಲ ನೋಡಿ ಕರಡಿ ತಿಂದಿದೆ ಅಂತ ಹೇಗೆ ಬರೆಯುತ್ತಾರೆ? "ಮತ್ತ ಬಂದ್ರ ಏನೂ ಮುಟ್ಟಬ್ಯಾಡ್ರಿ, ಹಂಗ ಬಿಟ್ಟು ಫೋನ್ ಹಚ್ಚರಿ" ಅಂತ ಹೇಳಿ ಗಾಡಿ ಹತ್ತಿದರು.

ಆ ರಾತ್ರಿ ನಮ್ಮೂರಿನವನೇ ಆದ ಗೆಳೆಯನೊಬ್ಬನಿಗೆ ಫೋನ್ ಹಚ್ಚಿದೆ. ಅವನು ಒಂಬತ್ತು ವರ್ಷದಿಂದ ಸಕಲೇಶಪುರ ಕಡೆ ಕಾಫಿ ತೋಟದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಆನೆ ಕಾಟ. ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತಂತೆ, ಅದನ್ನು ನೋಡಿಕೊಂಡೇ ಜನ ಕೆಲಸಕ್ಕೆ ಹೊರಡೋದಂತೆ. ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಕಾಡಂಚಿಗೆ ಹಳೇ ರೈಲು ಕಂಬಿ ಹೂತು ಬೇಲಿ ಮಾಡಿದ್ದಾರೆ. ದೊಡ್ಡ ಆನೆ ದಿನಕ್ಕೆ 150 ಕಿಲೋ ತನಕ ತಿನ್ನುತ್ತೆ ಅಂತಾರಲ್ಲ, ಒಂದು ಗುಂಪು ಗದ್ದೆಗೆ ಇಳಿದರೆ ತಿಂದದ್ದಕ್ಕಿಂತ ತುಳಿದದ್ದೇ ಜಾಸ್ತಿ. ಅವನು ನನಗೆ ಚೆನ್ನಾಗಿ ಬೈದ. "ಇಲ್ಲಿ ಸಣ್ಣ ಹುಡುಗ್ರಿಗೂ ಗೊತ್ತೈತಿ, ಫೋಟೋ ತೆಗಿಯೋತನಕ ಗದ್ಯಾಗ ಕಾಲು ಇಡಬಾರದು ಅಂತ. ನೀನು ದನಕ್ಕ ಹಾಕಿ ಕುಂತೀಯಲ್ಲೋ." ಆಮೇಲೆ ಒಂದೊಂದಾಗಿ ಹೇಳಿಕೊಟ್ಟ. ಕೆಳಗಿನ ಮಾತುಗಳಲ್ಲಿ ಅರ್ಧ ಅವನವೇ.

ನಾಲ್ಕನೇ ರಾತ್ರಿ ಮತ್ತೆ ಬಂತು. ಈ ಸಲ ನಾನು ಮಂಚಿಕೆ ಮೇಲೇ ಇದ್ದೆ. ಎರಡು ಗಂಟೆ ಇರಬಹುದು. ದಂಟು ಮುರಿಯುವ ಲಟಲಟ ಸದ್ದು, ನಡುವೆ ಹೀರಿದ ಹಾಗೆ ಒಂದು ಗೊರಗೊರ. ಬ್ಯಾಟರಿ ಬಿಟ್ಟೆ. ತಾಯಿ ಕರಡಿ ಕುಂಡಿ ಊರಿ ಕೂತು, ಎರಡೂ ಕೈಯಲ್ಲಿ ತೆನೆ ಹಿಡಿದುಕೊಂಡು ತಿನ್ನುತ್ತಿತ್ತು. ಬೆನ್ನ ಮೇಲೊಂದು ಮರಿ, ಪಕ್ಕದಲ್ಲಿ ಇನ್ನೊಂದು. ಬೆಳಕು ಬಿದ್ದರೂ ಅದು ಎದ್ದು ಓಡಲಿಲ್ಲ, ಮೂಗು ಎತ್ತಿ ಗಾಳಿ ಹಿಡಿಯಿತು. ನನ್ನ ಕೈಯಲ್ಲಿ ಪಟಾಕಿ ಇತ್ತು, ಹಚ್ಚೋಕೆ ಧೈರ್ಯ ಬರಲಿಲ್ಲ. ಮರಿ ಇರುವ ಕರಡಿ ಸಿಟ್ಟಿಗೆದ್ದರೆ ಮಂಚಿಕೆಯ ನಾಲ್ಕು ಗೂಟ ಯಾವ ಲೆಕ್ಕ? ತಗಡಿನ ಡಬ್ಬ ಬಾರಿಸಿದೆ. ಅದು ನಿಧಾನಕ್ಕೆ ಎದ್ದು, ಮರಿ ಕರಕೊಂಡು ಗುಡ್ಡ ಹತ್ತಿತು. ನಿಜ ಹೇಳಬೇಕಂದ್ರೆ ಭಯದ ಜೊತೆಗೆ ಒಂಥರಾ ಖುಷಿಯೂ ಆಗಿತ್ತು. ಸದ್ಯ, ಈ ಸಲ ಗುರುತು ಬಿಟ್ಟು ಹೋಗಿದೆಯಲ್ಲ ಅಂತ. ಬೆಳೆ ಹೋದದ್ದಕ್ಕೆ ಖುಷಿಪಟ್ಟ ರೈತ ನಾನೊಬ್ಬನೇ ಇರಬೇಕು.

ಬೆಳಕು ಹರಿಯುತ್ತಲೇ ಕೆಲಸ ಶುರು ಮಾಡಿದೆ. ಒದ್ದೆ ಮಣ್ಣಿನಲ್ಲಿ ಚೊಕ್ಕ ಮೂಡಿದ್ದ ಹೆಜ್ಜೆ ಮೇಲೆ ಬುಟ್ಟಿ ಮುಚ್ಚಿ, ಮೇಲೊಂದು ಕಲ್ಲಿಟ್ಟೆ. ದನ ತುಳಿಯಬಾರದು, ಬಿಸಿಲಿಗೆ ಒಡೆಯಬಾರದು ಅಂತ. ಹೆಜ್ಜೆ ಪಕ್ಕ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದೆ, ಅಳತೆ ಗೊತ್ತಾಗಲಿ ಅಂತ. ಜಿಪಿಎಸ್ ಮ್ಯಾಪ್ ಕ್ಯಾಮೆರಾ ಅಂತ ಒಂದು ಆ್ಯಪ್ ಇದೆ, ಫೋಟೋ ಮೇಲೆಯೇ ಜಾಗ, ತಾರೀಕು, ಟೈಮ್ ಬರುತ್ತೆ. ನಮ್ಮ ಹೊಲದಲ್ಲಿ ನೆಟ್‌ವರ್ಕ್ ಇಲ್ಲದೆ ಊರಿನ ಹೆಸರು ಬರಲಿಲ್ಲ, ಆದರೆ ಅಕ್ಷಾಂಶ ರೇಖಾಂಶದ ಅಂಕಿ ಬಂತು, ಅಷ್ಟು ಸಾಕಾಯಿತು. ದೂರದಿಂದ ಒಂದು ಫೋಟೋ ತೆಗೀರಿ, ಹಿಂದಿನ ಗುಡ್ಡವೋ ಬೋರಿನ ಶೆಡ್ಡೋ ಕಾಣುವ ಹಾಗೆ. ಬರೀ ಮುರಿದ ದಂಟಿನ ಫೋಟೋ ಯಾರ ಹೊಲದ್ದು ಅಂತ ಯಾರಿಗೆ ಗೊತ್ತು? ಗಾರ್ಡ್ ಫೋನ್ ಎತ್ತದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ, ಅದಕ್ಕೆ ಮಾಡಿ. ನಾನು ಎರಡಕ್ಕೂ ಮಾಡಿದೆ.

ಗಾರ್ಡ್ ಜೊತೆ ಈ ಸಲ ಉಪ ವಲಯ ಅರಣ್ಯಾಧಿಕಾರಿಯೂ ಬಂದರು. ಬಂದ ತಕ್ಷಣ, "ಇದು ಹಂದಿ ಇರಬೇಕಲ್ರೀ?" ಬುಟ್ಟಿ ಎತ್ತಿ ತೋರಿಸಿದೆ. ಹಂದಿ ಹೆಜ್ಜೆ ಆದರೆ ಸೀಳಿದ ಗೊರಸು. ಕರಡಿಯ ಹಿಂಗಾಲಿನ ಹೆಜ್ಜೆ ಮನುಷ್ಯ ಬರಿಗಾಲಲ್ಲಿ ನಡೆದ ಹಾಗೆಯೇ ಇರುತ್ತೆ, ಮುಂಗಾಲಿನದ್ದಕ್ಕೆ ಮುಂದೆ ಉದ್ದ ಉಗುರಿನ ಗೀರು. ಹಂದಿ ಮೂತಿಯಿಂದ ನೆಲ ಉತ್ತು ಬೇರು ಸಮೇತ ಕೆಡವುತ್ತೆ. ಕರಡಿ ದಂಟು ಬಗ್ಗಿಸಿ ಎಳೆದುಕೊಂಡು ಒಂದೇ ಕಡೆ ಕೂತು ತಿನ್ನುತ್ತೆ, ಸುತ್ತ ಬೆಂಡು ರಾಶಿ ಬಿದ್ದಿರುತ್ತೆ. ಬದುವಿನ ಹತ್ತಿರ ಅದರ ಹೇಲೂ ಸಿಕ್ಕಿತು, ತುಂಬ ಜೋಳದ ಕಾಳು. ಅದನ್ನು ನೋಡಿದ ಮೇಲೆ ಸಾಹೇಬರು ಮಾತಾಡಲಿಲ್ಲ, ಟೇಪು ಹಿಡಿದರು. ಎರಡು ತುಂಡು ಸೇರಿಸಿ 22 ಗುಂಟೆ ಅಂತ ಬರೆದರು. ಅವ್ವ ಕೊಯ್ದ ಜಾಗ ಲೆಕ್ಕಕ್ಕಿಲ್ಲ. ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದರ ವರದಿ ಬರೆದು, ಪಕ್ಕದ ಹೊಲದ ಇಬ್ಬರ ಸಹಿ ಹಾಕಿಸಿಕೊಂಡರು. ಮಹಜರಿನಲ್ಲಿ ಸರ್ವೆ ನಂಬರ್ ಸರಿ ಇದೆಯಾ ಅಂತ ಸಹಿಗೆ ಮೊದಲೇ ಓದಿ ನೋಡಿ. ನಮ್ಮದರಲ್ಲಿ ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲಿನ) ನಂಬರ್ ತಪ್ಪಿತ್ತು, ಅಲ್ಲೇ ತಿದ್ದಿಸಿದೆ. ಮಹಜರಿನದ್ದೂ ಒಂದು ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡಿರಿ.

ಕರಡಿ ಕಡಿದ ಡ್ರಿಪ್ ಪೈಪು ಒಂದು ಸುರುಳಿಯಷ್ಟಿತ್ತು. ನೀರು ಕುಡಿಯೋಕೆ ಕಡಿದಿರಬೇಕು. ಅದಕ್ಕೆ ಬೆಳೆ ಪರಿಹಾರದಲ್ಲಿ ಜಾಗ ಇಲ್ಲ ಅಂದರು. ಬಿಟ್ಟೆ.

ಅರ್ಜಿ ಕೊಡೋಕೆ ಕಚೇರಿಗೆ ಹೋದರೆ ಅಲ್ಲಿ ಕೊಟ್ಟ ನಮೂನೆಯಲ್ಲಿ ಪ್ರಾಣಿಗಳ ಸಾಲಿನಲ್ಲಿ ಮೊದಲು ಆನೆ. ನನ್ನ ಹಿಂದೆ ನಿಂತಿದ್ದ ಯಜಮಾನರೊಬ್ಬರು ಇಣುಕಿ ನೋಡಿ, "ನಮ್ಮ ಕಡಿಗೆ ಆನಿ ಅಂದ್ರ ಹಂಪಿ ಗುಡಿ ಲಕ್ಷ್ಮಿ ಒಂದ ನೋಡ್ರಿ, ಅದು ಬಾಳೆಹಣ್ಣು ತಿಂದು ಆಶೀರ್ವಾದ ಮಾಡತೈತಿ" ಅಂದರು. ಎಲ್ಲರೂ ನಕ್ಕೆವು. ಆಧಾರ್, ಪಹಣಿ (ಹೊಲ ಯಾರ ಹೆಸರಲ್ಲಿದೆ ಅಂತ ತೋರಿಸುವ ದಾಖಲೆ), ಪಾಸ್‌ಬುಕ್, ಫೋಟೋ, ಎಲ್ಲ ಕೊಟ್ಟೆ. ಕ್ಲರ್ಕ್ ಪಹಣಿ ನೋಡಿ ತಲೆ ಎತ್ತಿದರು. "ಇವರು ಯಾರು?"

"ನಮ್ಮಪ್ಪ ರೀ."

"ಕರಕೊಂಡು ಬರ್ರಿ."

"ಅವರು ಹೋಗಿ ನಾಕು ವರ್ಷಾತ್ರಿ."

ಅಲ್ಲಿಗೆ ಕರಡಿ ಕಥೆ ಮುಗಿದು ಪಹಣಿ ಕಥೆ ಶುರುವಾಯಿತು. ನಮ್ಮ ಭಾಗದಲ್ಲಿ ಸತ್ತವರ ಹೆಸರಲ್ಲಿ ಎಷ್ಟು ಹೊಲ ಇವೆಯೋ ಏನೋ. ಉಳುಮೆ ನಡೆಯುತ್ತೆ, ಮಾರಾಟ ನಡೆಯುತ್ತೆ, ಯಾರೂ ಕೇಳೋದಿಲ್ಲ, ಕೇಳುವ ದಿನ ಬಂದಾಗ ಮಾತ್ರ ಕೈ ಕಟ್ಟಿ ಹಾಕಿದ ಹಾಗೆ. ಅಪ್ಪ ತೀರಿಕೊಂಡ ವರ್ಷವೇ ಪೌತಿ ಖಾತೆ, ಅಂದರೆ ಸತ್ತವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸೋದು, ಮಾಡಿಸಬೇಕಿತ್ತು. ಬ್ಯಾಂಕಿನ ಸಾಲ ಇದೆ, ಹೆಸರು ಬದಲಾದರೆ ನನ್ನ ಹಿಂದೆ ಬೀಳುತ್ತಾರೆ ಅಂತ ಸುಮ್ನೆ ಕೂತಿದ್ದೆ. ಇಲ್ಲಿ ಮರೆಮಾಚೋದು ಏನಿದೆ.

ಪೌತಿಗೆ ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್, ಛಾಪಾ ಕಾಗದದ ಮೇಲೆ ಅಫಿಡವಿಟ್, ಪಹಣಿ. ಕೇಳೋಕೆ ಐದೇ. ಮರಣ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಮುಂದೆ ಮನೆತನದ ಹೆಸರಿತ್ತು, ಪಹಣಿಯಲ್ಲಿ ತಂದೆ ಹೆಸರು ಮಾತ್ರ. ಇಬ್ಬರೂ ಒಬ್ಬರೇ ಅಂತ ಇನ್ನೊಂದು ಅಫಿಡವಿಟ್. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆ, ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ವಿಚಾರಿಸಬೇಕಿತ್ತು. ಅವರಿಗೆ ನಾಲ್ಕು ಊರು. ಬರೋಕೆ ಮೂರು ವಾರ ಆಯಿತು. ನಾನು ಪ್ರತಿ ಸೋಮವಾರ ಹೋಗಿ ಮುಖ ತೋರಿಸಿ ಬರುತ್ತಿದ್ದೆ. ಅದು ಕೆಲಸ ಮಾಡಿತಾ ಗೊತ್ತಿಲ್ಲ, ಆದರೆ ಮನೆಯಲ್ಲಿ ಕೂತಿರೋಕೆ ಆಗುತ್ತಿರಲಿಲ್ಲ.

ಇಲ್ಲಿ ನನ್ನ ಮನಸ್ಸಿನ ಕೊಳೆಯೊಂದನ್ನು ಹೇಳಬೇಕು. ನನಗೊಬ್ಬಳು ಅಕ್ಕ, ಸಿಂಧನೂರು ಕಡೆ ಕೊಟ್ಟಿದ್ದೇವೆ. ನಾಡಕಚೇರಿ ಹೊರಗೆ ಅರ್ಜಿ ಬರೆಯುವವನೊಬ್ಬ, ಹೆಣ್ಣುಮಕ್ಕಳ ಹೆಸರು ಬಿಟ್ಟುಬಿಡಿ, ಬೇಗ ಆಗುತ್ತೆ ಅಂದ. ಒಂದು ದಿನ ಪೂರ್ತಿ ಅದನ್ನೇ ಯೋಚನೆ ಮಾಡಿದೆ. ಕೊನೆಗೆ ಅಕ್ಕನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ತಮ್ಮಾ, ನನಗ ಹೊಲ ಬ್ಯಾಡ. ಆದ್ರ ಅಪ್ಪನ ಮಕ್ಕಳು ಅಂತ ಬರೆಯೋ ಕಾಗದದಾಗ ನನ್ನ ಹೆಸರು ತೆಗೀಬ್ಯಾಡ" ಅಂದಳು. ಮರುದಿನವೇ ಬಸ್ ಹತ್ತಿ ಬಂದಳು. ಅವ್ವ, ಅಕ್ಕ, ನಾನು, ಮೂವರ ಹೆಸರಿಗೂ ಜಂಟಿಯಾಗಿ ಅರ್ಜಿ ಹಾಕಿದೆವು. ಹೆಸರು ಬಿಟ್ಟು ಮಾಡಿಸಿದ ಒಂದು ಮನೆಯ ಕೇಸು ಇನ್ನೂ ಕೋರ್ಟಿನಲ್ಲಿದೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಆ ಅರ್ಜಿ ಬರೆಯುವವನ ಮಾತು ಯಾರೂ ಕೇಳಬೇಡಿ.

ನೋಟಿಸ್ ಅವಧಿ, ಮ್ಯುಟೇಶನ್, ಅಂತೂ ಫೆಬ್ರುವರಿ ಹೊತ್ತಿಗೆ ಪಹಣಿಯಲ್ಲಿ ನಮ್ಮ ಹೆಸರು ಬಂತು.

ಈ ನಡುವೆ ಊರಿನಲ್ಲಿ ಒಂದು ಅನಾಹುತವೂ ಆಯಿತು. ನಸುಕಿನಲ್ಲಿ ಹೊಲಕ್ಕೆ ಹೊರಟಿದ್ದ ನಮ್ಮ ಕಾಕಾ ಒಬ್ಬರಿಗೆ ಹಳ್ಳದ ತಿರುವಿನಲ್ಲಿ ಕರಡಿ ಎದುರಾಯಿತು. ಅದಕ್ಕೆ ಕಣ್ಣು ಕಿವಿ ಅಷ್ಟು ಚುರುಕಿಲ್ಲ, ಹತ್ತಿರ ಬರೋತನಕ ಗೊತ್ತಾಗಲ್ಲ, ಗೊತ್ತಾದಾಗ ಗಾಬರಿಗೆ ಮೈಮೇಲೆ ಬೀಳುತ್ತೆ. ತಲೆ, ಭುಜ ಪರಚಿ ಕಚ್ಚಿತ್ತು. ಬದುಕಿದರು. ಗಾಯಕ್ಕೆ ಹೊಲಿಗೆ ಹಾಕಿಸೋದರ ಜೊತೆಗೆ ಹುಚ್ಚುನಾಯಿ ಕಡಿತಕ್ಕೆ ಕೊಡುವ ರೇಬಿಸ್ ಚುಚ್ಚುಮದ್ದನ್ನೂ ಹಾಕಿಸಬೇಕು, ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಸ್ಪತ್ರೆಯ ಪ್ರತಿ ಚೀಟಿ, ಬಿಲ್ಲು ಇಟ್ಟುಕೊಳ್ಳಿ, ಗಾಯದ ಪರಿಹಾರ ಬೇರೆ ಅರ್ಜಿ. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಬೆಳೆ ಪರಿಹಾರವನ್ನು ದುಪ್ಪಟ್ಟು ಮಾಡಿ, ಪ್ರಾಣ ಹೋದವರ ಕುಟುಂಬಕ್ಕೆ ಕೊಡುವುದನ್ನು ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿತ್ತು. ಈಗ ನಿಮ್ಮ ಬೆಳೆಗೆ ಎಷ್ಟು ಅಂತ ಕಚೇರಿಯಲ್ಲೇ ಕೇಳಿ, ಹಳೇ ಲೆಕ್ಕ ನಂಬಬೇಡಿ.

ಅದಾದ ಮೇಲೆ ಊರಿನ ಕೆಲವು ಹುಡುಗರು ಬೇಲಿ ತಂತಿಗೆ ಲೈನಿನ ಕರೆಂಟ್ ಕೊಡೋಣ ಅಂತ ಎದ್ದರು. ಸಿಟ್ಟು ನನಗೂ ಇತ್ತು. ಆದರೆ ಆ ತಂತಿಗೆ ಮೊದಲು ಸಿಗೋದು ರಾತ್ರಿ ನೀರು ಕಟ್ಟೋಕೆ ಬಂದ ನಮ್ಮವನೇ. ಸೋಲಾರ್ ಬೇಲಿ ಬೇರೆ, ಅದು ಬ್ಯಾಟರಿಯಿಂದ ಬಿಟ್ಟು ಬಿಟ್ಟು ಹೊಡೆಯುವ ಸಣ್ಣ ಏಟು, ಬೆದರಿಸುತ್ತೆ, ಕೊಲ್ಲೋದಿಲ್ಲ. ಲೈನಿನ ಕರೆಂಟು ಹಿಡಿದದ್ದನ್ನು ಬಿಡೋದಿಲ್ಲ. ಕರಡಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಕೊಂದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ ಜೈಲು. ಹಿರಿಯರು ಕೂತು ಹುಡುಗರನ್ನು ಸುಮ್ಮನಾಗಿಸಿದರು.

ಹೊಸ ಪಹಣಿ ಹಿಡಿದು ಮತ್ತೆ ಅರಣ್ಯ ಕಚೇರಿಗೆ ಹೋದೆ. ಈಗ ಪಹಣಿಯಲ್ಲಿ ಮೂವರು, ಖಾತೆ ಒಬ್ಬನದ್ದು. ಉಳಿದಿಬ್ಬರ ಒಪ್ಪಿಗೆ ಪತ್ರ ಬೇಕು ಅಂದರು. ಇದನ್ನು ಮೊದಲೇ ಹೇಳಿದ್ದರೆ ಅಕ್ಕ ಬಂದಾಗಲೇ ಸಹಿ ಹಾಕಿಸುತ್ತಿದ್ದೆ. ಪಾಪ, ಮತ್ತೆ ಬಂದಳು. ಶಕ್ತಿ ಯೋಜನೆ ಇದ್ದದ್ದರಿಂದ ಬಸ್ಸಿಗೆ ದುಡ್ಡು ಹೋಗಲಿಲ್ಲ, ಎರಡು ದಿನದ ಕೂಲಿ ಹೋಯಿತು. ಜಂಟಿ ಖಾತೆ ಇರುವವರು ಒಪ್ಪಿಗೆ ಪತ್ರವನ್ನು ಮೊದಲ ದಿನವೇ ಬರೆಸಿಟ್ಟುಕೊಳ್ಳಿ. ನಂತರ ಗಾರ್ಡ್ ಎಲ್ಲವನ್ನೂ ಇ-ಪರಿಹಾರ ಅನ್ನುವ ತಂತ್ರಾಂಶಕ್ಕೆ ಏರಿಸಿದರು. ಅರ್ಜಿ ನಂಬರ್ ಕೇಳಿ ಬರೆದುಕೊಂಡೆ. ಆಮೇಲೆ ಫೋನ್ ಮಾಡಿದಾಗ "ಯಾವ ಊರು, ಯಾವ ಕೇಸು" ಅನ್ನೋ ಪ್ರಶ್ನೆ ನಿಂತುಹೋಯಿತು, ನಂಬರ್ ಹೇಳಿದರೆ ಎಲ್ಲಿದೆ ಅಂತ ಹೇಳುತ್ತಿದ್ದರು.

ಮಾರ್ಚ್, ಏಪ್ರಿಲ್ ಹೋಯಿತು. ಮೇ ಕೊನೆಗೆ ಗಾರ್ಡ್ "ದುಡ್ಡು ಹಾಕೇವಿ" ಅಂದರು. ಪಾಸ್‌ಬುಕ್ ನೋಡಿದರೆ ಸೊನ್ನೆ. ಅಲ್ಲಿಂದ ಒಂದೂವರೆ ತಿಂಗಳು ಅವರು ಹಾಕಿದ್ದೇವೆ, ನಾನು ಬಂದಿಲ್ಲ. ಯಾರೋ ನುಂಗಿದ್ದಾರೆ ಅಂತಲೇ ಅಂದುಕೊಂಡಿದ್ದೆ, ಒಂದು ದಿನ ಜೋರು ಮಾತೂ ಆಡಿಬಿಟ್ಟೆ. ಕೊನೆಗೆ ಬ್ಯಾಂಕಿನ ಹುಡುಗಿಯೊಬ್ಬಳು ಆಧಾರ್ ನಂಬರ್ ಹಾಕಿ ನೋಡಿ, "ಅಣ್ಣಾರ, ನಿಮ್ಮ ಆಧಾರ್ ಬ್ಯಾರೆ ಬ್ಯಾಂಕಿಗೆ ಲಿಂಕ್ ಐತ್ರಿ" ಅಂದಳು. ಎಷ್ಟೋ ವರ್ಷದ ಹಿಂದೆ ಸೊನ್ನೆ ದುಡ್ಡಿಗೆ ತೆಗೆದಿದ್ದ ಜನಧನ್ ಖಾತೆ. ಪಾಸ್‌ಬುಕ್ ಟ್ರಂಕಿನಲ್ಲಿ ಅಪ್ಪನ ಹಳೇ ಟವೆಲ್ ಕೆಳಗಿತ್ತು. ಸರ್ಕಾರದ ದುಡ್ಡು ನೀವು ಬರೆದುಕೊಟ್ಟ ಖಾತೆಗೇ ಬರುತ್ತೆ ಅಂತಿಲ್ಲ, ಆಧಾರ್ ಯಾವುದಕ್ಕೆ ಜೋಡಿಸಿದೆಯೋ ಅಲ್ಲಿಗೆ ಹೋಗಬಹುದು. ಅರ್ಜಿ ಹಾಕುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಜೋರು ಮಾತಾಡಿದ್ದಕ್ಕೆ ಗಾರ್ಡ್ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವರು ಚಾ ಕುಡಿಸಿದರು.

ಲೆಕ್ಕ ಕೇಳುವವರಿಗೆ: ಕಚೇರಿಗಳಿಗೆ 14 ಸಲ ಓಡಾಟ, ಬಸ್ಸಿಗೆ 1,120. ಜೆರಾಕ್ಸ್, ಫೋಟೋ ಪ್ರಿಂಟು 370. ಛಾಪಾ ಕಾಗದ, ನೋಟರಿ 650. ಒಟ್ಟು 2,140 ರೂಪಾಯಿ, 14 ದಿನದ ಕೆಲಸ ಬೇರೆ. ಎಕರೆಗೆ 20 ಕ್ವಿಂಟಲ್ ಹಿಡಿದರೂ 22 ಗುಂಟೆಗೆ 11 ಕ್ವಿಂಟಲ್ ಆಗುತ್ತಿತ್ತು, 2,100ರಂತೆ ಮಾರಿದ್ದರೆ 23,100. ಬಂದದ್ದು ಅದರ ಅರ್ಧಕ್ಕಿಂತ ಚೂರು ಜಾಸ್ತಿ. ಇಷ್ಟಕ್ಕೆ ಅಷ್ಟು ಓಡಾಡಬೇಕಿತ್ತಾ ಅಂತ ಊರಲ್ಲಿ ಕೇಳಿದರು. ಪಹಣಿ ಸರಿ ಹೋಯಿತಲ್ಲ, ಅದಕ್ಕಾದರೂ ಬೇಕಿತ್ತು ಅಂತ ನನ್ನ ಲೆಕ್ಕ. ಅದೂ ಅಲ್ಲದೆ, ನಾವು ಬರೆಸದಿದ್ದರೆ ನಮ್ಮ ಕಡೆ ಕರಡಿ ಬೆಳೆ ತಿನ್ನುತ್ತೆ ಅನ್ನೋದೇ ಯಾವ ಕಾಗದದಲ್ಲೂ ಇರೋದಿಲ್ಲ.

ಈ ವರ್ಷ ಗುಡ್ಡದ ಕಡೆಯ ಒಂದು ಎಕರೆಗೆ ಹತ್ತಿ ಹಾಕಿದ್ದೇನೆ, ಮೆಕ್ಕೆಜೋಳ ರಸ್ತೆ ಕಡೆಗೆ. ಮಂಚಿಕೆಯ ಗೂಟ ಬದಲಾಯಿಸಿದೆ. ಹೋದ ವಾರ ಮಳೆ ಬಿದ್ದ ಮರುದಿನ ಇನ್ನೂ ಹಾಸಿಗೆಯಲ್ಲಿದ್ದೆ, ಹೊಲದಿಂದ ಅವ್ವ ಫೋನ್ ಮಾಡಿದಳು. "ಲೇ ತಮ್ಮಾ, ಬದುವಿನ ಮ್ಯಾಲ ಹೆಜ್ಜಿ ಬಿದ್ದಾವ. ಬುಟ್ಟಿ ಮುಚ್ಚಿ ನಿಂತೀನಿ. ಬರೋವಾಗ ಹತ್ತು ರೂಪಾಯಿ ಬಿಲ್ಲಿ ತಗೊಂಡು ಬಾ."